ಅಮಚ್ಯನು ಸರಿಯಾದದ್ದನ್ನೇ ಮಾಡಿದನು, ಆದರೆ ಪೂರ್ಣಮನಸ್ಸಿನಿಂದಲ್ಲ: ಶಿಷ್ಯತ್ವದ ವಿಧೇಯತೆ ಮತ್ತು ಸಮರ್ಪಣೆಯ ಕುರಿತು ಚರ್ಚೆ

ಬೆಥಾನ್ಯದ ಓದುಗ ಬರೆದಿದ್ದಾರೆ:

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ಸತ್ಯವೇದದ ಎರಡನೆಯ ಪೂರ್ವಕಾಲವೃತ್ತಾಂತದ 25ನೆಯ ಅಧ್ಯಾಯದ ಎರಡನೆಯ ವಚನವನ್ನು ನಾವೆಲ್ಲರೂ ಕೂಡಿ ಧ್ಯಾನಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಯೆಹೂದದ ಅರಸನಾದ ಅಮಚ್ಯನು ಕರ್ತನ ದೃಷ್ಟಿಯಲ್ಲಿ ಸರಿಯಾದದ್ದನ್ನು ಮಾಡಿದನು, ಆದರೆ ಪೂರ್ಣಮನಸ್ಸಿನಿಂದ ಮಾಡಲಿಲ್ಲ ಎಂದು ಅಲ್ಲಿ ಹೇಳಿದೆ. ದುಷ್ಟ ಅರಸರ ವಿಷಯದಲ್ಲಿ ಸತ್ಯವೇದವು ಕೊಡುವ ತೀರ್ಪು ನಮ್ಮನ್ನು ಅಷ್ಟಾಗಿ ಕಲಕುವುದಿಲ್ಲ, ಏಕೆಂದರೆ ನಾವು ಅವರ ಸಾಲಿನಲ್ಲಿ ನಿಂತಿಲ್ಲವೆಂದು ಎಣಿಸುತ್ತೇವೆ. ಆದರೆ ಮಾಡಿದ್ದೆಲ್ಲವೂ ಸರಿಯಾಗಿದ್ದು, ಮಾಡಿದ ಮನಸ್ಸು ಮಾತ್ರ ಅರೆಯಾಗಿತ್ತು ಎಂಬ ಈ ತೀರ್ಪು ಸಭೆಗೆ ತಪ್ಪದೆ ಹೋಗುವ, ಪ್ರಾರ್ಥನೆಯನ್ನು ಬಿಡದ, ದಶಮಾಂಶವನ್ನು ಕೊಡುವ ನಮ್ಮಂಥವರ ಮೇಲೆಯೇ ನೇರವಾಗಿ ಬೀಳುತ್ತದೆ.

ಅಮಚ್ಯನ ವಿಧೇಯತೆ ಹೊರನೋಟದ್ದಷ್ಟೇ ಎಂದು ಸುಲಭವಾಗಿ ಹೇಳಿಬಿಡಲು ಆ ಅಧ್ಯಾಯವು ನಮಗೆ ಅವಕಾಶ ಕೊಡುವುದಿಲ್ಲ. ತನ್ನ ತಂದೆಯನ್ನು ಕೊಂದವರಿಗೆ ಅವನು ಮರಣದಂಡನೆ ವಿಧಿಸಿದರೂ, ಮಕ್ಕಳ ಪಾಪಕ್ಕೆ ತಂದೆಗಳೂ ತಂದೆಗಳ ಪಾಪಕ್ಕೆ ಮಕ್ಕಳೂ ಸಾಯಬಾರದೆಂಬ ಧರ್ಮೋಪದೇಶಕಾಂಡದ ಆಜ್ಞೆಯನ್ನು ನೆನೆದು ಅವರ ಮಕ್ಕಳನ್ನು ಉಳಿಸಿದನು. ಸೇಡು ತೀರಿಸಿಕೊಳ್ಳಲು ಅಧಿಕಾರವಿದ್ದ ಅರಸನೊಬ್ಬನು ಧರ್ಮಶಾಸ್ತ್ರಕ್ಕಾಗಿ ತನ್ನ ಕೈಯನ್ನು ತಡೆದದ್ದು ಸಣ್ಣ ಸಂಗತಿಯಲ್ಲ. ಅನಂತರ ಎದೋಮ್ಯರ ವಿರುದ್ಧ ಯುದ್ಧಕ್ಕೆ ಹೊರಟಾಗ, ಸ್ವಂತ ಸೈನ್ಯದ 3,00,000 ಮಂದಿ ಸಾಲದೆಂದು, ನೂರು ತಲಾಂತು (ಆ ಕಾಲದ ದೊಡ್ಡ ತೂಕದ ಅಳತೆ) ಬೆಳ್ಳಿ ಕೊಟ್ಟು ಇಸ್ರಾಯೇಲಿನಿಂದ ಇನ್ನೂ 1,00,000 ಮಂದಿಯನ್ನು ಕೂಲಿಗೆ ತಂದನು. ದೇವರ ಮನುಷ್ಯನೊಬ್ಬನು ಬಂದು, ಅವರನ್ನು ಕಳುಹಿಸಿಬಿಡು, ಕರ್ತನು ಅವರ ಸಂಗಡ ಇಲ್ಲ ಎಂದನು. ಆಗ ಅಮಚ್ಯನು ಕೇಳಿದ ಪ್ರಶ್ನೆ ಬಹಳ ಮಾನವಸಹಜವಾದದ್ದು: ಕೊಟ್ಟಿರುವ ಆ ನೂರು ತಲಾಂತುಗಳ ಗತಿ ಏನು? ಅದಕ್ಕಿಂತ ಹೆಚ್ಚಿನದನ್ನು ಕೊಡಲು ಕರ್ತನು ಶಕ್ತನು ಎಂಬ ಉತ್ತರ ಬಂದಾಗ, ಅವನು ನಷ್ಟವನ್ನು ನುಂಗಿಕೊಂಡು ವಿಧೇಯನಾದನು, ಜಯವನ್ನೂ ಪಡೆದನು.

ಇಷ್ಟರವರೆಗೆ ಓದಿದವರು ಅವನನ್ನು ನಂಬಿಕೆಯ ಮಾದರಿಯೆಂದೇ ಕರೆಯಬಹುದು. ಆದರೆ ಜಯಗಳಿಸಿ ಹಿಂದಿರುಗುವಾಗ ಅವನು ಸೋತವರ ದೇವತೆಗಳ ವಿಗ್ರಹಗಳನ್ನು ತಂದು, ತನ್ನ ದೇವತೆಗಳೆಂದು ನಿಲ್ಲಿಸಿ ಅವುಗಳಿಗೆ ಅಡ್ಡಬಿದ್ದನು. ಅದನ್ನು ಪ್ರಶ್ನಿಸಲು ಬಂದ ಪ್ರವಾದಿಗೆ, ನಿನ್ನನ್ನು ಅರಸನ ಮಂತ್ರಿಯಾಗಿ ನೇಮಿಸಿದ್ದೇವೋ, ಸುಮ್ಮನಿರು ಎಂದು ಗದರಿಸಿದನು.

ನನ್ನ ತಿಳಿವಳಿಕೆಯನ್ನು ಹೇಳುತ್ತೇನೆ. ಅಮಚ್ಯನು ಒಂದೊಂದು ಆಜ್ಞೆಗೂ ಪ್ರತ್ಯೇಕವಾಗಿ ವಿಧೇಯನಾದನೇ ಹೊರತು, ಆಜ್ಞೆ ಕೊಡುವಾತನಿಗೆ ತನ್ನನ್ನು ಒಪ್ಪಿಸಿಕೊಡಲಿಲ್ಲ. ಯಾವ ಮಾತನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಹಕ್ಕು ಕೊನೆಯವರೆಗೂ ಅವನ ಕೈಯಲ್ಲಿಯೇ ಉಳಿದಿತ್ತು. ದೇವರ ಮಾತು ಅವನ ನಿರ್ಣಯಕ್ಕೆ ಹೊಂದಿದಾಗಲೂ, ಅಷ್ಟಿಷ್ಟು ನಷ್ಟವಾದಾಗಲೂ ಅವನು ಒಪ್ಪಿದನು. ಅದು ಅವನ ಹೃದಯವು ಬಯಸಿದ್ದನ್ನೇ ಮುಟ್ಟಿದಾಗ ಪ್ರವಾದಿಯ ಬಾಯಿಯನ್ನು ಮುಚ್ಚಿಸಿದನು. ಮಕೆದೋನ್ಯದ ಸಭೆಗಳ ವಿಷಯದಲ್ಲಿ ಪೌಲನು ಬರೆಯುವಾಗ, ಅವರು ಹಣವನ್ನು ಕೊಡುವುದಕ್ಕೆ ಮೊದಲು ತಮ್ಮನ್ನೇ ಕರ್ತನಿಗೆ ಕೊಟ್ಟರು ಎನ್ನುತ್ತಾನೆ. ಈ ಕ್ರಮ ಅಮಚ್ಯನಲ್ಲಿ ಇರಲಿಲ್ಲವೆಂದು ನನಗೆ ಕಾಣುತ್ತದೆ. ನಿಮ್ಮ ಅಭಿಪ್ರಾಯಗಳನ್ನು ಕೇಳಲು ಬಯಸುತ್ತೇನೆ.

ದೀಪಸ್ತಂಭ ಬರೆದಿದ್ದಾರೆ:

ಸಹೋದರರೇ, ಒಳ್ಳೆಯ ಭಾಗವನ್ನು ಎತ್ತಿಕೊಂಡಿದ್ದೀರಿ. ಇದರ ಜೊತೆಗೆ ಮೊದಲನೆಯ ಸಮುವೇಲದ 15ನೆಯ ಅಧ್ಯಾಯವನ್ನೂ ಇಟ್ಟು ನೋಡೋಣ. ಅಮಾಲೇಕ್ಯರನ್ನೂ ಅವರಿಗಿರುವುದೆಲ್ಲವನ್ನೂ ಪೂರ್ತಿಯಾಗಿ ನಾಶಮಾಡಬೇಕೆಂದು ಅರಸನಾದ ಸೌಲನಿಗೆ ಬಂದ ಆ ಯುದ್ಧದ ಆಜ್ಞೆಯು ಎಬ್ಬಿಸುವ ಕಠಿಣ ಪ್ರಶ್ನೆಗಳು ನಿಜವಾದವುಗಳೇ, ಅವುಗಳಿಗೆ ಬೇರೆಯೇ ಚರ್ಚೆ ಬೇಕು; ಸೌಲನ ನಡತೆಯನ್ನು ಮಾತ್ರ ನಾನಿಲ್ಲಿ ಗಮನಿಸುತ್ತೇನೆ. ಸೌಲನು ಮತ್ತು ಜನರು ಒಳ್ಳೆಯ ಕುರಿದನಗಳನ್ನು ಉಳಿಸಿಕೊಂಡು, ಕೆಲಸಕ್ಕೆ ಬಾರದವುಗಳನ್ನು ಮಾತ್ರ ನಾಶಮಾಡಿದರು ಎಂದು ಒಂಬತ್ತನೆಯ ವಚನ ಹೇಳುತ್ತದೆ. ಹೀಗೆ ವಿಧೇಯತೆಯು ತಮಗೆ ಬೇಡವಾದ ವಸ್ತುಗಳ ಮೇಲೆ ಮಾತ್ರ ನಡೆಯಿತು. ಆದರೂ ಸೌಲನು ಪ್ರವಾದಿಯಾದ ಸಮುವೇಲನನ್ನು ಎದುರುಗೊಂಡು, ಕರ್ತನ ಆಜ್ಞೆಯನ್ನು ನೆರವೇರಿಸಿದ್ದೇನೆ ಎಂದು ಮೊದಲು ತಾನೇ ಹೇಳುತ್ತಾನೆ. ಅವನು ಸುಳ್ಳಾಡುತ್ತಿದ್ದಾನೆಂದು ನನಗೆ ಅನ್ನಿಸುವುದಿಲ್ಲ. ಬಹುಶಃ ಅವನು ಹಾಗೆಂದೇ ನಂಬಿದ್ದನು. ಬಹುಭಾಗವನ್ನು ಮಾಡಿದ ಮನುಷ್ಯನು ಉಳಿಸಿಕೊಂಡ ಭಾಗವನ್ನು ಮರೆತುಬಿಡುವುದು ಬಹಳ ಸುಲಭ.

ಉಳಿಸಿಕೊಂಡದ್ದಕ್ಕೆ ಅವನು ಕೊಡುವ ಕಾರಣ ಇನ್ನೂ ಗಂಭೀರವಾದದ್ದು. ಅವುಗಳನ್ನು ಯಜ್ಞಕ್ಕಾಗಿ ಉಳಿಸಿದೆವು ಎನ್ನುತ್ತಾನೆ. ದೇವರಿಗೆ ಕೊಡಬೇಕಾದ ವಿಧೇಯತೆಯ ಸ್ಥಾನದಲ್ಲಿ ದೇವರಿಗೆ ಅರ್ಪಿಸುವ ಕಾಣಿಕೆಯನ್ನು ತಂದು ನಿಲ್ಲಿಸುತ್ತಾನೆ. ನಮ್ಮ ನಡುವೆಯೂ ಹೀಗೆ ಆಗುತ್ತದೆ. ಒಬ್ಬ ಸಹೋದರನೊಂದಿಗೆ ಸಮಾಧಾನ ಮಾಡಿಕೊಳ್ಳಲು ಮನಸ್ಸಿಲ್ಲದವನು ಉಪವಾಸದ ದಿನಗಳನ್ನು ಹೆಚ್ಚಿಸುತ್ತಾನೆ. ಮನೆಯಲ್ಲಿ ಒರಟಾಗಿ ನಡೆಯುವವನು ಸಭೆಯ ಕೆಲಸದಲ್ಲಿ ಎಲ್ಲರಿಗಿಂತ ಮುಂದಿರುತ್ತಾನೆ. ಯಜ್ಞವನ್ನರ್ಪಿಸುವುದಕ್ಕಿಂತ ಮಾತು ಕೇಳುವುದು ಉತ್ತಮ ಎಂದು ಸಮುವೇಲನು ಹೇಳಿದ್ದು ಯಜ್ಞವನ್ನು ಹೀನಾಯಪಡಿಸಲು ಅಲ್ಲ, ಅದರ ಹಿಂದೆ ಅಡಗಿಕೊಂಡ ಅರಸನನ್ನು ಹೊರಗೆ ಕರೆಯಲು.

ಕೃಪೆಯೇ ಸಾಕು ಬರೆದಿದ್ದಾರೆ:

ಇಬ್ಬರ ಮಾತುಗಳನ್ನೂ ಗೌರವದಿಂದ ಓದಿದೆ. ಆದರೂ ನನ್ನ ಮನಸ್ಸಿನ ಭಾರವನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಪೂರ್ಣ ಸಮರ್ಪಣೆ ಎಂಬ ಬೋಧನೆಯನ್ನು ಕೇಳಿ ಕೇಳಿ ಬಳಲಿದ ವಿಶ್ವಾಸಿಗಳು ಇದ್ದಾರೆ. ಅವರು ಪ್ರತಿ ರಾತ್ರಿಯೂ ತಮ್ಮ ಹೃದಯವನ್ನು ಅಗೆದು ನೋಡುತ್ತಾರೆ, ಎಲ್ಲೋ ಒಂದು ಮೂಲೆಯಲ್ಲಿ ಕೊಡದೆ ಉಳಿಸಿಕೊಂಡದ್ದು ಇದ್ದೇ ಇರುತ್ತದೆ, ಅದನ್ನು ಕೊಟ್ಟ ಮೇಲೆ ಮತ್ತೊಂದು ಕಾಣಿಸುತ್ತದೆ. ಕಡೆಗೆ ಅವರ ಭರವಸೆಯು ಕ್ರಿಸ್ತನು ಮಾಡಿ ಮುಗಿಸಿದ ಕಾರ್ಯದ ಮೇಲೆ ನಿಲ್ಲದೆ, ತಮ್ಮ ಸಮರ್ಪಣೆಯ ಪೂರ್ಣತೆಯ ಮೇಲೆ ನಿಲ್ಲುತ್ತದೆ. ಅದು ಮರಳಿನ ಅಡಿಪಾಯ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು, ಪವಿತ್ರಾತ್ಮನಿಂದ ಆರಂಭಿಸಿದ ನೀವು ಈಗ ಶರೀರದ ಪ್ರಯತ್ನದಿಂದ ಪರಿಪೂರ್ಣರಾಗುತ್ತೀರೋ ಎಂದು ಕೇಳಿದ್ದು ಇಂಥ ಮನಸ್ಸನ್ನು ಕುರಿತೇ ಎಂದು ನಾನು ನಂಬುತ್ತೇನೆ.

ಇನ್ನೂ ಒಂದು ಮಾತು. ಐಶ್ವರ್ಯವಂತನಾದ ಒಬ್ಬನಿಗೆ ಕರ್ತನಾದ ಯೇಸು ನಿನ್ನ ಆಸ್ತಿಯನ್ನೆಲ್ಲಾ ಮಾರಿ ಬಡವರಿಗೆ ಕೊಡು ಎಂದನು. ಆದರೆ ಸುಂಕದವನಾದ ಜಕ್ಕಾಯನು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದಾಗ, ಉಳಿದ ಅರ್ಧ ಎಲ್ಲಿ ಎಂದು ಕರ್ತನು ಕೇಳಲಿಲ್ಲ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದನು. ಮಾರ್ಥ ಮರಿಯರು ಬೆಥಾನ್ಯದ ತಮ್ಮ ಮನೆಯನ್ನು ಬಿಡಲಿಲ್ಲ, ಆ ಮನೆಯಲ್ಲಿಯೇ ಕರ್ತನನ್ನು ಉಪಚರಿಸಿದರು. ಹಾಗಾದರೆ ಪೂರ್ಣಮನಸ್ಸು ಎಂಬುದನ್ನು ಅಳೆಯುವವರು ಯಾರು?

ಬೆಥಾನ್ಯದ ಓದುಗ ಬರೆದಿದ್ದಾರೆ:

ಈ ಎಚ್ಚರಿಕೆ ಬಹಳ ಅಗತ್ಯವಾಗಿತ್ತು, ಅದಕ್ಕಾಗಿ ವಂದನೆಗಳು. ಅಳೆಯುವವರು ಯಾರು ಎಂಬ ಪ್ರಶ್ನೆಗೆ ಅದೇ ಪೂರ್ವಕಾಲವೃತ್ತಾಂತದಲ್ಲಿ ಒಂದು ಉತ್ತರವಿದೆ ಎಂದು ನನಗನಿಸುತ್ತದೆ. ಅದು ನಾವು ನಿರೀಕ್ಷಿಸುವಂಥ ಉತ್ತರವಲ್ಲ.

ಯೆಹೂದದ ಇನ್ನೊಬ್ಬ ಅರಸನಾದ ಆಸ ಎಂಬವನ ಕಾಲದಲ್ಲಿ, ತೆಗೆದುಹಾಕಬೇಕಾಗಿದ್ದ ಪೂಜಾಸ್ಥಳಗಳು ಇಸ್ರಾಯೇಲಿನಿಂದ ತೆಗೆದುಹಾಕಲ್ಪಡಲಿಲ್ಲ, ಆದರೂ ಅವನ ಹೃದಯವು ಜೀವಮಾನವೆಲ್ಲಾ ಯಥಾರ್ಥವಾಗಿತ್ತು ಎಂದು 15ನೆಯ ಅಧ್ಯಾಯದಲ್ಲಿ ಬರೆದಿದೆ. ಅಮಚ್ಯನ ಕೆಲಸಗಳು ಸರಿಯಾಗಿದ್ದವು, ಮನಸ್ಸು ಪೂರ್ಣವಾಗಿರಲಿಲ್ಲ. ಆಸನ ಕೆಲಸ ಅಪೂರ್ಣವಾಗಿತ್ತು, ಹೃದಯವು ಪೂರ್ಣವಾಗಿತ್ತು. ದಾವೀದನ ವಿಷಯದಲ್ಲಿಯಂತೂ, ಹಿತ್ತಿಯನಾದ ಊರೀಯನ ಸಂಗತಿಯೊಂದನ್ನು ಹೊರತುಪಡಿಸಿ ಎಂಬ ಮಾತನ್ನು ಅರಸುಗಳ ಪುಸ್ತಕವು ಮುಚ್ಚಿಡದೆ ಸೇರಿಸಿದೆ. ಆ ಸಂಗತಿಯೊಂದು ವ್ಯಭಿಚಾರವೂ ಕೊಲೆಯೂ ಆಗಿತ್ತು. ಆದರೂ ದಾವೀದನ ಹೃದಯವೇ ಮುಂದಿನ ಅರಸರನ್ನು ಅಳೆಯುವ ಅಳತೆಗೋಲಾಗಿ ಉಳಿಯಿತು.

ಆದ್ದರಿಂದ ಪೂರ್ಣಮನಸ್ಸು ಎಂದರೆ ಪಾಪವಿಲ್ಲದಿರುವುದು ಎಂದು ಓದುವುದು ಸತ್ಯವೇದದ ಓದಾಗುವುದಿಲ್ಲ. ಪ್ರವಾದಿಯಾದ ನಾತಾನನು ಬಂದು ನಿಂತಾಗ ದಾವೀದನು, ನಾನು ಕರ್ತನಿಗೆ ವಿರೋಧವಾಗಿ ಪಾಪಮಾಡಿದ್ದೇನೆ ಎಂದನು. ಅಮಚ್ಯನು ತನ್ನ ಬಳಿಗೆ ಬಂದ ಪ್ರವಾದಿಯನ್ನು ಬೆದರಿಸಿ ಸುಮ್ಮನಾಗಿಸಿದನು. ಇಬ್ಬರೂ ಬಿದ್ದವರೇ. ವ್ಯತ್ಯಾಸ ಕಾಣುವುದು ದೇವರ ಮಾತು ಅವರ ಪ್ರಿಯವಾದ ಪಾಪವನ್ನು ಹೆಸರಿಟ್ಟು ಕರೆದ ಆ ಗಳಿಗೆಯಲ್ಲಿ. ಪ್ರತಿ ರಾತ್ರಿ ಹೃದಯವನ್ನು ಅಗೆಯುವ ಆ ಬಳಲಿದ ಸಹೋದರ ಸಹೋದರಿಯರಿಗೆ ನಾನು ಹೇಳಬಯಸುವುದೇನೆಂದರೆ, ಹುಡುಕಿ ತೆಗೆಯುವ ಕೆಲಸವನ್ನು ಕರ್ತನು ನಿಮಗೆ ವಹಿಸಿಲ್ಲ. ದೇವರೇ, ನನ್ನನ್ನು ಪರೀಕ್ಷಿಸಿ ತಿಳಿದುಕೋ ಎಂದು 139ನೆಯ ಕೀರ್ತನೆಯ ಕೊನೆಯಲ್ಲಿ ಬೇಡುವವನು ಆ ಕೆಲಸವನ್ನು ಆತನಿಗೇ ಬಿಟ್ಟುಕೊಡುತ್ತಾನೆ. ಆತನು ತೋರಿಸಿದಾಗ ಬಾಗಿಲು ಮುಚ್ಚದಿರುವುದು ನಮ್ಮ ಪಾಲಿನದು.

ಬೆರೋಯದ ಜಿಜ್ಞಾಸು ಬರೆದಿದ್ದಾರೆ:

ಒಂದು ತೊಡಕನ್ನು ಗಮನಕ್ಕೆ ತರುತ್ತೇನೆ. ಆಸನ ಕಥೆಯು 15ನೆಯ ಅಧ್ಯಾಯಕ್ಕೆ ಮುಗಿಯುವುದಿಲ್ಲ. 16ನೆಯ ಅಧ್ಯಾಯದಲ್ಲಿ ಅವನು ಅರಾಮ್ಯರ ಅರಸನ ಮೇಲೆ ಭರವಸವಿಟ್ಟಾಗ ದರ್ಶಿಯಾದ ಹನಾನಿಯು ಬಂದು ಗದರಿಸುತ್ತಾನೆ. ಆಸನು ಕೋಪಗೊಂಡು ಅವನನ್ನು ಸೆರೆಯಲ್ಲಿ ಕೋಳಕ್ಕೆ ಹಾಕಿಸುತ್ತಾನೆ. ಗದರಿಕೆಯನ್ನು ಸ್ವೀಕರಿಸುವುದೇ ಪೂರ್ಣಮನಸ್ಸಿನ ಗುರುತಾದರೆ ಆಸನೂ ಅಮಚ್ಯನ ಸಾಲಿಗೆ ಸೇರುವುದಿಲ್ಲವೇ? ನಿಮ್ಮ ನಿಯಮ ಇಲ್ಲಿ ಸರಾಗವಾಗಿ ನಿಲ್ಲುವುದಿಲ್ಲ.

ಬೆಥಾನ್ಯದ ಓದುಗ ಬರೆದಿದ್ದಾರೆ:

ನೀವು ಹೇಳುವುದು ಸರಿ, ಆ ಎರಡು ಅಧ್ಯಾಯಗಳನ್ನು ನಾನು ಸುಲಭವಾಗಿ ಹೊಂದಿಸಲಾರೆ. ವೃತ್ತಾಂತದ ಲೇಖಕನು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಹೋಗಿದ್ದಾನೆ. ದೀರ್ಘಕಾಲ ಯಥಾರ್ಥವಾಗಿದ್ದ ಹೃದಯವೂ ಮುಪ್ಪಿನಲ್ಲಿ ಗಡುಸಾಗಬಹುದು ಎಂಬ ಎಚ್ಚರಿಕೆಯನ್ನಂತೂ ನಾನು ಅಲ್ಲಿಂದ ತೆಗೆದುಕೊಳ್ಳುತ್ತೇನೆ. ದೇವರ ಒಟ್ಟು ತೀರ್ಪು ನಮ್ಮ ನಿಯಮಗಳಿಗಿಂತ ಹೆಚ್ಚು ಕರುಣೆಯುಳ್ಳದ್ದು ಎಂದೂ ಅದರಿಂದ ತಿಳಿಯಬಹುದು.

ಹೊಲದ ಹಿರಿಯ ಬರೆದಿದ್ದಾರೆ:

ಮಕ್ಕಳೇ, ನಾನು ಬಹುಕಾಲದಿಂದ ಸಭೆಯ ಹಿರಿಯರ ಮಂಡಳಿಯಲ್ಲಿ ಸೇವೆ ಮಾಡುತ್ತಿರುವವನು. ವಿಧೇಯತೆಯ ಕುರಿತಾದ ಯಾವ ಚರ್ಚೆಯೂ ಒಂದು ಪ್ರಶ್ನೆಯನ್ನು ದಾಟಿ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ: ಯಾರಿಗೆ ವಿಧೇಯತೆ? ಸಮರ್ಪಿಸಿಕೊಳ್ಳಲು ಸಿದ್ಧವಾದ ಹೃದಯಕ್ಕಿಂತ ಅಮೂಲ್ಯವಾದದ್ದು ಸಭೆಯಲ್ಲಿ ಬೇರೊಂದಿಲ್ಲ, ಅದರಷ್ಟು ಸುಲಭವಾಗಿ ದುರುಪಯೋಗವಾಗುವುದೂ ಬೇರೊಂದಿಲ್ಲ.

ಮೊದಲನೆಯ ಅರಸುಗಳು 13ನೆಯ ಅಧ್ಯಾಯವನ್ನು ಓದಿರಿ. ಯೆಹೂದದಿಂದ ಬಂದ ದೇವರ ಮನುಷ್ಯನೊಬ್ಬನಿಗೆ, ಬೇತೇಲಿನಲ್ಲಿ ಅನ್ನಪಾನಗಳನ್ನು ತೆಗೆದುಕೊಳ್ಳಬೇಡ, ಹೋದ ದಾರಿಯಲ್ಲಿ ಹಿಂದಿರುಗಬೇಡ ಎಂದು ಕರ್ತನ ಅಪ್ಪಣೆಯಾಗಿತ್ತು. ಅರಸನಾದ ಯಾರೊಬ್ಬಾಮನು ಊಟಕ್ಕೆ ಕರೆದಾಗ, ನಿನ್ನ ಅರ್ಧ ಮನೆಯನ್ನು ಕೊಟ್ಟರೂ ಬರುವುದಿಲ್ಲ ಎಂದು ಅವನು ಧೈರ್ಯವಾಗಿ ಹೇಳಿದನು. ಆದರೆ ಆ ಊರಿನ ಒಬ್ಬ ಮುದುಕನಾದ ಪ್ರವಾದಿಯು ಬೆನ್ನಟ್ಟಿ ಬಂದು, ನಾನೂ ನಿನ್ನಂತೆ ಪ್ರವಾದಿ, ದೇವದೂತನೊಬ್ಬನು ನಿನ್ನನ್ನು ಕರೆತರಬೇಕೆಂದು ನನಗೆ ಹೇಳಿದ್ದಾನೆ ಎಂದಾಗ ನಂಬಿ ಹಿಂದಿರುಗಿದನು. ಅದು ಸುಳ್ಳಾಗಿತ್ತು. ದಾರಿಯಲ್ಲಿ ಸಿಂಹವು ಅವನನ್ನು ಕೊಂದಿತು. ಸಿಂಹಾಸನದ ಮೇಲಿನ ಅಧಿಕಾರವನ್ನು ಎದುರಿಸಿ ನಿಂತವನು ಹಿರಿತನದ, ಭಕ್ತಿಯ ಮಾತಿನ ಅಧಿಕಾರದ ಎದುರು ಸೋತನು. ಹಿರಿಯನೊಬ್ಬನಾಗಿ ಈ ಅಧ್ಯಾಯವನ್ನು ನಾನು ನಡುಗದೆ ಓದಲಾರೆ, ಏಕೆಂದರೆ ಇದರಲ್ಲಿ ನನ್ನ ಸ್ಥಾನ ಆ ಮುದುಕನದು.

ಇದು ಹಳೆಯ ಕಾಲದ ಸಂಗತಿ ಮಾತ್ರವಲ್ಲ. 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಿಂದ ಹರಡಿದ ಶೆಫರ್ಡಿಂಗ್ ಎಂಬ ಚಳುವಳಿಯಲ್ಲಿ ಪ್ರತಿಯೊಬ್ಬ ವಿಶ್ವಾಸಿಯೂ ಒಬ್ಬ ಕುರುಬನಿಗೆ ಅಧೀನನಾಗಿರಬೇಕೆಂದು ಕಲಿಸಿದರು. ಉದ್ದೇಶ ಒಳ್ಳೆಯದಿತ್ತು: ಅಸ್ಥಿರರಾದ ಹೊಸ ವಿಶ್ವಾಸಿಗಳನ್ನು ನಿಜವಾದ ಶಿಷ್ಯರನ್ನಾಗಿ ಬೆಳೆಸುವುದು. ಆದರೆ ಎಷ್ಟೋ ಕಡೆ ಮದುವೆ, ಉದ್ಯೋಗ, ವಾಸಸ್ಥಳ ಇಂಥ ನಿರ್ಣಯಗಳಿಗೂ ಕುರುಬನ ಒಪ್ಪಿಗೆ ಬೇಕಾಗುವ ಸ್ಥಿತಿ ಉಂಟಾಯಿತು. ಅನೇಕರು ಗಾಯಗೊಂಡರು, ಮುಂದಿನ ದಶಕದಲ್ಲಿ ಆ ಚಳುವಳಿ ಚದುರಿಹೋಯಿತು, ಅದರ ಮುಖಂಡರಲ್ಲೊಬ್ಬರು ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು.

ಕ್ರಿಸ್ತನಿಗೆ ಸಲ್ಲಬೇಕಾದ ಪೂರ್ಣ ಸಮರ್ಪಣೆಯನ್ನು ಪಡೆಯುವ ಯೋಗ್ಯತೆ ಯಾವ ಸಭಾಪಾಲಕನಿಗೂ ಇಲ್ಲ. ನಾವು ನಿಮ್ಮ ನಂಬಿಕೆಯ ಮೇಲೆ ದೊರೆತನ ಮಾಡುವವರಲ್ಲ, ನಿಮ್ಮ ಸಂತೋಷಕ್ಕೆ ಸಹಾಯಕರು ಎಂದು ಅಪೊಸ್ತಲನಾದ ಪೌಲನೇ ಕೊರಿಂಥದವರಿಗೆ ಬರೆದನು. ಪೇತ್ರನೂ ಹಿರಿಯರಿಗೆ, ನಿಮ್ಮ ವಶದಲ್ಲಿರುವವರ ಮೇಲೆ ದೊರೆತನ ಮಾಡದೆ ಮಂದೆಗೆ ಮಾದರಿಯಾಗಿರಿ ಎಂದನು. ವಿಧೇಯತೆಯನ್ನು ಬಹಳ ಕಟ್ಟುನಿಟ್ಟಾಗಿ ಕಲಿಸಿದ, ಆರನೆಯ ಶತಮಾನದ ಬೆನೆಡಿಕ್ಟನೆಂಬ ಕ್ರೈಸ್ತ ಸನ್ಯಾಸಿಯ ಮಠನಿಯಮದಲ್ಲಿಯೂ 68ನೆಯ ಅಧ್ಯಾಯವೊಂದಿದೆ. ಅಸಾಧ್ಯವಾದ ಕೆಲಸವನ್ನು ಹೇರಲ್ಪಟ್ಟ ಸಹೋದರನು ತಕ್ಕ ಸಮಯದಲ್ಲಿ, ತಾಳ್ಮೆಯಿಂದ, ತನಗೆ ಏಕೆ ಆಗದೆಂದು ಮೇಲಿನವರಿಗೆ ತಿಳಿಸಬಹುದು ಎಂದು ಅಲ್ಲಿ ಹೇಳಿದೆ. ಆ ನಿಯಮದ ಪ್ರಕಾರ ಮೇಲಿನವನು ತನ್ನ ಮಾತಿಗೇ ಅಂಟಿಕೊಂಡರೆ ಸಹೋದರನು ವಿಧೇಯನಾಗಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಅಷ್ಟು ದೂರ ನಾನು ಹೋಗುವುದಿಲ್ಲ. ಆದರೆ ಅಷ್ಟು ಕಠಿಣವಾದ ನಿಯಮವೇ ಬಾಯಿ ತೆರೆದು ಮಾತಾಡುವ ಅವಕಾಶವನ್ನು ಕೊಟ್ಟಿರುವಾಗ, ಪ್ರಶ್ನೆ ಕೇಳುವುದನ್ನೇ ದಂಗೆಯೆಂದು ಕರೆಯುವ ನಾಯಕರು ಯಾವ ಆಧಾರದ ಮೇಲೆ ನಿಂತಿದ್ದಾರೆ? ಸಭೆಯೊಳಗೆ ಒಬ್ಬರ ಮೇಲೆ ದೌರ್ಜನ್ಯ ನಡೆದಾಗ, ಅದನ್ನು ಬಯಲಿಗೆ ತರಬೇಡ, ಅಧೀನನಾಗಿರು ಎಂದು ಹೇಳುವವನ ಮಾತನ್ನು ಮೀರಿ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸುವುದು ದೇವರಿಗೆ ತೋರುವ ವಿಧೇಯತೆಯೇ ಆಗಿದೆ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತೇನೆ.

ದೀಪಸ್ತಂಭ ಬರೆದಿದ್ದಾರೆ:

ಅಯ್ಯನವರೇ, ನಿಮ್ಮ ಸ್ಥಾನದಲ್ಲಿರುವವರೇ ಈ ಮಾತನ್ನು ಹೇಳಿದ್ದರಿಂದ ಅನೇಕರಿಗೆ ಧೈರ್ಯ ಬರುತ್ತದೆ. ನಿಮ್ಮನ್ನು ನಡಿಸುವವರ ಮಾತನ್ನು ಕೇಳಿರಿ ಎಂಬ ಇಬ್ರಿಯರಿಗೆ 13:17ನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅವರು ಲೆಕ್ಕ ಒಪ್ಪಿಸಬೇಕಾದವರು ಎಂದು ಅದೇ ವಚನವು ಮುಂದುವರಿಯುವುದನ್ನು ನಿಧಾನವಾಗಿ ಓದುವವರು ಕಡಿಮೆ.

ಮೌನ ಸಹೋದರಿ ಬರೆದಿದ್ದಾರೆ:

ಎಲ್ಲರಿಗೂ ವಂದನೆಗಳು. ನಾನು ಸಾಮಾನ್ಯವಾಗಿ ಓದುವುದಷ್ಟೇ, ಬರೆಯುವವಳಲ್ಲ. ನನ್ನ ಪ್ರಶ್ನೆ ಸರಳವಾದದ್ದು. ವಿಶೇಷ ಕೂಟಗಳಲ್ಲಿ ಸಮರ್ಪಣೆಯ ಕರೆ ಬಂದಾಗ ನಾನು ಅನೇಕ ಸಲ ಮುಂದೆ ಹೋಗಿ ಮೊಣಕಾಲೂರಿದ್ದೇನೆ, ಎಲ್ಲವನ್ನೂ ಒಪ್ಪಿಸಿದ್ದೇನೆ, ಕಣ್ಣೀರು ಸುರಿಸಿದ್ದೇನೆ. ಕೆಲವು ವಾರಗಳಲ್ಲಿ ಆ ಉತ್ಸಾಹವು ಆರಿಹೋಗುತ್ತದೆ. ಆಗ ನಾನು ಒಪ್ಪಿಸಿದ್ದು ನಿಜವಾಗಿತ್ತೋ ಇಲ್ಲವೋ ಎಂಬ ಸಂದೇಹ ಬರುತ್ತದೆ. ಮತ್ತೆ ಮತ್ತೆ ಮಾಡುವ ಸಮರ್ಪಣೆಗೆ ಅರ್ಥವಿದೆಯೇ? ಹಾಗೆಯೇ, ನನಗೆ ಪೂರ್ಣಾವಧಿ ಸೇವೆಗೆ ಹೋಗುವ ಆಸೆಯಿತ್ತು, ಆದರೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಬೇಕಾಗಿ ಮನೆಯಲ್ಲಿಯೇ ಉಳಿದಿದ್ದೇನೆ. ಇದು ಅರೆಮನಸ್ಸಿನ ವಿಧೇಯತೆಯೇ?

ಹೊಲದ ಹಿರಿಯ ಬರೆದಿದ್ದಾರೆ:

ಮಗಳೇ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಮಾರ್ಕ 5ನೆಯ ಅಧ್ಯಾಯದಲ್ಲಿ ದೆವ್ವಗಳಿಂದ ಬಿಡುಗಡೆ ಹೊಂದಿದ ಮನುಷ್ಯನು, ನಿನ್ನ ಜೊತೆಯಲ್ಲಿಯೇ ಇರುತ್ತೇನೆ ಎಂದು ಕರ್ತನನ್ನು ಬೇಡಿಕೊಂಡನು. ಅದಕ್ಕಿಂತ ಒಳ್ಳೆಯ ಬೇಡಿಕೆ ಇರಲು ಸಾಧ್ಯವೇ? ಆದರೂ ಕರ್ತನು ಅವನನ್ನು ದೋಣಿಗೆ ಹತ್ತಿಸದೆ, ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಎಂದು ಕಳುಹಿಸಿದನು. ಬೆಸ್ತನಾದ ಪೇತ್ರನಿಗೆ ಬಲೆಯನ್ನು ತೊರೆದು ಹಿಂಬಾಲಿಸುವುದು ವಿಧೇಯತೆಯಾಗಿತ್ತು, ಆ ಮನುಷ್ಯನಿಗೆ ಮನೆಗೆ ಹಿಂದಿರುಗುವುದು ವಿಧೇಯತೆಯಾಗಿತ್ತು. ಇನ್ನು ತಾಯಿಯ ವಿಷಯ. ದೇವರಿಗೆ ಮೀಸಲು ಎಂಬ ನೆಪದಲ್ಲಿ ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಕರ್ತನು ಮಾರ್ಕ 7ರಲ್ಲಿ ಎಷ್ಟು ತೀಕ್ಷ್ಣವಾಗಿ ಖಂಡಿಸಿದನೆಂದು ನೋಡು. ಶಿಲುಬೆಯ ಮೇಲಿದ್ದಾಗಲೂ ಆತನು ತನ್ನ ತಾಯಿಯನ್ನು ಪ್ರಿಯ ಶಿಷ್ಯನ ವಶಕ್ಕೆ ಒಪ್ಪಿಸಿದನು. ನೀನು ಮಾಡುತ್ತಿರುವ ಸೇವೆಯು ಸೇವೆಗೆ ಬದಲಾಗಿ ಮಾಡುವಂಥದ್ದಲ್ಲ, ಅದೇ ನಿನಗೆ ಒಪ್ಪಿಸಲ್ಪಟ್ಟ ಸೇವೆ. ಜೊತೆಗೆ, ಆ ಭಾರವನ್ನು ನೀನೊಬ್ಬಳೇ ಹೊರಬೇಕಾಗಿಲ್ಲ. ನಿನ್ನ ಸಭೆಯವರಿಗೆ ತಿಳಿಸು, ಸಹಾಯ ಕೇಳು.

ಮತ್ತೆ ಮತ್ತೆ ಸಮರ್ಪಿಸಿಕೊಳ್ಳುವುದರ ಬಗ್ಗೆ: ಲೂಕನ ಸುವಾರ್ತೆಯಲ್ಲಿ ಕರ್ತನು, ತನ್ನ ಶಿಲುಬೆಯನ್ನು ದಿನಾಲೂ ಹೊತ್ತುಕೊಂಡು ನನ್ನ ಹಿಂದೆ ಬರಲಿ ಎಂದನು. ನಿನ್ನೆಯ ವಿಧೇಯತೆಯು ಇಂದಿಗೆ ಸಾಲುವುದಿಲ್ಲ ಎಂಬುದು ಆತನಿಗೆ ಗೊತ್ತಿತ್ತು. 1755ರಲ್ಲಿ ಮೆಥಡಿಸ್ಟ್ ಚಳುವಳಿಯ ನಾಯಕನಾದ ಜಾನ್ ವೆಸ್ಲಿಯು ಲಂಡನ್ನಿನಲ್ಲಿ, ದೇವರಿಗೆ ತಮ್ಮನ್ನು ಮತ್ತೆ ಒಪ್ಪಿಸಿಕೊಡುವ ಒಡಂಬಡಿಕೆಯ ಆರಾಧನೆಯನ್ನು ಆರಂಭಿಸಿದಾಗ ಅದಕ್ಕೆ ಬಂದವರು ಹೊಸದಾಗಿ ನಂಬಿದವರು ಮಾತ್ರವಾಗಿರಲಿಲ್ಲ. ಮೆಥಡಿಸ್ಟ್ ಸಭೆಗಳಲ್ಲಿ ಇಂದಿಗೂ ಅನೇಕ ಕಡೆ ವರ್ಷದ ಆರಂಭದಲ್ಲಿ ಅದೇ ಸಮರ್ಪಣೆಯ ಪ್ರಾರ್ಥನೆಯನ್ನು ಮುದುಕರೂ ಯೌವನಸ್ಥರೂ ಒಟ್ಟಾಗಿ ಹೇಳುತ್ತಾರೆ. ಮೊದಲನೆಯದು ಸುಳ್ಳಾಗಿತ್ತೆಂದು ಅವರು ಎರಡನೆಯ ಸಲ ಹೇಳುವುದಿಲ್ಲ.

ಕಣ್ಣೀರಿನ ಬಗ್ಗೆ ಮಾತ್ರ ಸ್ವಲ್ಪ ಎಚ್ಚರಿಕೆ ಹೇಳುತ್ತೇನೆ. ಪೇತ್ರನು ನಿನಗಾಗಿ ನನ್ನ ಪ್ರಾಣವನ್ನು ಕೊಡುತ್ತೇನೆ ಎಂದದ್ದು ಸುಳ್ಳಲ್ಲ, ಆ ರಾತ್ರಿ ಅವನು ಅದನ್ನು ಮನಸಾರೆ ಹೇಳಿದನು. ಕೋಳಿ ಕೂಗುವುದರೊಳಗೆ ಮೂರು ಸಲ ಅಲ್ಲಗಳೆದನು. ಪುನರುತ್ಥಾನದ ನಂತರ ಸಮುದ್ರತೀರದಲ್ಲಿ ಕರ್ತನು ಅವನಿಂದ ಮತ್ತೊಂದು ದೊಡ್ಡ ಪ್ರತಿಜ್ಞೆಯನ್ನು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದನು, ನನ್ನ ಕುರಿಗಳನ್ನು ಮೇಯಿಸು ಎಂದು ಕೆಲಸವನ್ನು ಕೊಟ್ಟನು. ಕರ್ತನು ಹೇಳಿದ ಇಬ್ಬರು ಮಕ್ಕಳ ಸಾಮ್ಯದಲ್ಲಿ, ದ್ರಾಕ್ಷಾತೋಟಕ್ಕೆ ಹೋಗುವುದಿಲ್ಲ ಎಂದು ಹೇಳಿ ಆಮೇಲೆ ಪಶ್ಚಾತ್ತಾಪಪಟ್ಟು ಹೋದ ಮಗನೇ ತಂದೆಯ ಚಿತ್ತವನ್ನು ಮಾಡಿದನಲ್ಲವೇ? ಹೋಗುತ್ತೇನಪ್ಪಾ ಎಂದು ಹೇಳಿ ಹೋಗದೆ ಇದ್ದವನ ಮನಸ್ಸಿನಲ್ಲಿ ಆ ಕ್ಷಣ ಎಷ್ಟು ಉತ್ಸಾಹವಿತ್ತೋ ನಮಗೆ ತಿಳಿಯದು. ಉತ್ಸಾಹ ಆರಿದ ಮೇಲೂ ನೀನು ನಿನ್ನ ತಾಯಿಯ ಪಕ್ಕದಲ್ಲಿಯೇ ಇದ್ದೀಯಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೋ.

ಮೌನ ಸಹೋದರಿ ಬರೆದಿದ್ದಾರೆ:

ತುಂಬಾ ವಂದನೆಗಳು ಅಯ್ಯಾ. ಸಹಾಯ ಕೇಳುವುದು ನಂಬಿಕೆಯ ಕೊರತೆಯೆಂದು ಇಷ್ಟು ದಿನ ಎಣಿಸಿದ್ದೆ. ಈ ವಾರವೇ ಸಭೆಯವರೊಂದಿಗೆ ಮಾತಾಡುತ್ತೇನೆ.

ಬೆರೋಯದ ಜಿಜ್ಞಾಸು ಬರೆದಿದ್ದಾರೆ:

ಹಿರಿಯರ ಮಾತಿಗೆ ಹೊಂದಿಕೊಂಡಂತೆ ಇನ್ನೊಂದು ವಿಷಯ. ಒಮ್ಮೆ ಮಾತು ಕೊಟ್ಟ ಮೇಲೆ, ಅದು ತಪ್ಪೆಂದು ತಿಳಿದರೂ ನೆರವೇರಿಸುವುದೇ ಪೂರ್ಣಮನಸ್ಸಿನ ವಿಧೇಯತೆಯೇ? ಇಸ್ರಾಯೇಲಿನ ನಾಯಕನಾದ ಯೆಪ್ತಾಹನು ಯುದ್ಧಕ್ಕೆ ಹೋಗುವಾಗ, ಜಯಿಸಿ ಬಂದಾಗ ಮನೆಯಿಂದ ಎದುರುಗೊಳ್ಳಲು ಬರುವುದನ್ನು ಯಜ್ಞವಾಗಿ ಅರ್ಪಿಸುವೆನೆಂದು ಆತುರದ ಹರಕೆಯನ್ನು ಹೊತ್ತು, ಅದರ ಫಲವಾಗಿ ತನ್ನ ಒಬ್ಬಳೇ ಮಗಳನ್ನು ಕಳೆದುಕೊಂಡನು. ಕೆಲವರು ಅದನ್ನು ಸಮರ್ಪಣೆಯ ಮಾದರಿಯೆಂದು ಬೋಧಿಸುವುದನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ದುಡುಕಿ ಆಣೆಯಿಟ್ಟವನು ತನ್ನ ತಪ್ಪನ್ನು ಅರಿಕೆಮಾಡಿ ದೋಷಪರಿಹಾರದ ಯಜ್ಞವನ್ನು ತರಬೇಕೆಂದು ಯಾಜಕಕಾಂಡದ 5ನೆಯ ಅಧ್ಯಾಯದಲ್ಲಿ ದಾರಿ ತೋರಿಸಿದೆ. ದೇವರು ಬೇಡದೆ ಇದ್ದದ್ದನ್ನು ಆತನ ಹೆಸರಿನಲ್ಲಿ ಕೊಡುವುದು, ಅದು ಎಷ್ಟೇ ದುಬಾರಿಯಾಗಿದ್ದರೂ, ವಿಧೇಯತೆಯೆನಿಸುವುದಿಲ್ಲ. ದೊಡ್ಡ ತ್ಯಾಗವೆಲ್ಲವೂ ದೇವರ ಚಿತ್ತವೇ ಆಗಿರಬೇಕಾಗಿಲ್ಲ ಎಂಬುದನ್ನು ಶಿಷ್ಯರಾದ ನಾವು ಕಲಿಯಬೇಕು, ವಿಶೇಷವಾಗಿ ತ್ಯಾಗದ ಬೆಲೆಯನ್ನು ನಮಗೆ ಬದಲಾಗಿ ನಮ್ಮ ಮನೆಯವರು ತೆರಬೇಕಾಗಿ ಬಂದಾಗ.

ಕೃಪೆಯೇ ಸಾಕು ಬರೆದಿದ್ದಾರೆ:

ಇದಕ್ಕೆ ಪೂರ್ಣ ಒಪ್ಪಿಗೆ. ಭೂಮಿ ಮಾರಿದ ಹಣದಲ್ಲಿ ಒಂದು ಭಾಗವನ್ನು ಬಚ್ಚಿಟ್ಟುಕೊಂಡ ದಂಪತಿಗಳಾದ ಅನನೀಯ ಸಪ್ಫೈರರ ಸಂಗತಿಯೂ ಇಲ್ಲಿಗೆ ಸಲ್ಲುತ್ತದೆ. ಭೂಮಿಯು ಮಾರುವುದಕ್ಕೆ ಮೊದಲು ನಿನ್ನದೇ ಆಗಿತ್ತಲ್ಲಾ, ಮಾರಿದ ಮೇಲೆಯೂ ಹಣವು ನಿನ್ನ ಅಧಿಕಾರದಲ್ಲಿತ್ತಲ್ಲಾ ಎಂದು ಪೇತ್ರನು ಅನನೀಯನಿಗೆ ಹೇಳಿದ್ದನ್ನು ಗಮನಿಸಿರಿ. ಎಲ್ಲವನ್ನೂ ಕೊಡಬೇಕೆಂದು ಯಾರೂ ಅವರನ್ನು ಬಲವಂತಪಡಿಸಿರಲಿಲ್ಲ. ಒಂದು ಭಾಗವನ್ನು ಇಟ್ಟುಕೊಂಡು ಇದು ಒಂದು ಭಾಗ ಎಂದು ಹೇಳಿದ್ದರೆ ಸಾಕಾಗಿತ್ತು. ಪೂರ್ಣ ಸಮರ್ಪಣೆಯ ತೋರಿಕೆಗಾಗಿ ಅವರು ಸುಳ್ಳಾಡಿದರು. ಆದ್ದರಿಂದ ನಮ್ಮ ಸಭೆಗಳಲ್ಲಿ, ನಾನು ಇನ್ನೂ ಇಷ್ಟನ್ನು ಒಪ್ಪಿಸಲು ಆಗಿಲ್ಲ, ನನಗಾಗಿ ಪ್ರಾರ್ಥಿಸಿರಿ ಎಂದು ಹೇಳಲು ಅವಕಾಶವಿರುವುದು ಬಹಳ ಮುಖ್ಯ.

ಆದರೂ ನನ್ನ ಮೊದಲ ಪ್ರಶ್ನೆಯ ಒಂದು ಭಾಗ ಉಳಿದಿದೆ. ಈ ವಿಧೇಯತೆಗೆ ಶಕ್ತಿ ಎಲ್ಲಿಂದ ಬರುತ್ತದೆ?

ಬೆಥಾನ್ಯದ ಓದುಗ ಬರೆದಿದ್ದಾರೆ:

ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ, ನಿಮ್ಮ ದೇಹಗಳನ್ನು ಸಜೀವಯಜ್ಞವಾಗಿ ಸಮರ್ಪಿಸಿರಿ ಎಂಬ ಕರೆಯು 12ನೆಯ ಅಧ್ಯಾಯದಲ್ಲಿ ಬರುತ್ತದೆ. ಅದಕ್ಕೆ ಮೊದಲು ಹನ್ನೊಂದು ಅಧ್ಯಾಯಗಳಲ್ಲಿ ಅಪೊಸ್ತಲನು ದೇವರು ಮಾಡಿದ್ದನ್ನು ವಿವರಿಸಿ, ದೇವರ ಕನಿಕರವನ್ನು ನಿಮ್ಮ ನೆನಪಿಗೆ ತಂದು ಬೇಡಿಕೊಳ್ಳುತ್ತೇನೆ ಎಂದು ಆ ಕರೆಯನ್ನು ಆರಂಭಿಸುತ್ತಾನೆ. ಅವನು ಅಪ್ಪಣೆ ಕೊಡಬಹುದಾಗಿತ್ತು, ಆದರೆ ಬೇಡಿಕೊಳ್ಳುತ್ತಾನೆ. ಐಶ್ವರ್ಯವಂತನಾದ ಆ ಮನುಷ್ಯನ ವಿಷಯದಲ್ಲಿಯೂ, ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನು ಎಂಬ ಮಾತನ್ನು ಮಾರ್ಕನು ಆಜ್ಞೆಗಿಂತ ಮೊದಲು ಇಟ್ಟಿದ್ದಾನೆ. ಅವನು ದುಃಖಪಟ್ಟು ಹೊರಟುಹೋದದ್ದು ತನ್ನನ್ನು ಪ್ರೀತಿಸಿದಾತನ ಎದುರಿನಿಂದಲೇ.

ಇನ್ನೊಂದು ಸಂಗತಿಯೇ ನನಗೆ ಹೆಚ್ಚಿನ ಆಧಾರವಾಗಿದೆ. ಶಿಲುಬೆಗೆ ಹೋಗುವ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಕರ್ತನು, ಸಾಧ್ಯವಾದರೆ ಈ ಬಾಧೆಯ ಪಾತ್ರೆಯು ನನ್ನನ್ನು ಬಿಟ್ಟುಹೋಗಲಿ ಎಂದು ಬೇಡಿದನು, ಮತ್ತಾಯನ ಪ್ರಕಾರ ಮೂರು ಸಲ ಪ್ರಾರ್ಥಿಸಿದನು. ಬೇಡಿದ್ದು ಅವಿಧೇಯತೆಯಾಗಲಿಲ್ಲ, ನಡುಗಿದ್ದು ಅರೆಮನಸ್ಸಾಗಲಿಲ್ಲ. ತನಗೆ ಬೇಕಾದದ್ದನ್ನು ತಂದೆಯ ಮುಂದೆ ಮರೆಮಾಡದೆ ಹೇಳಿ, ಆದರೂ ನಿನ್ನ ಚಿತ್ತದಂತಾಗಲಿ ಎಂದು ಒಪ್ಪಿಸಿಕೊಟ್ಟದ್ದೇ ಪೂರ್ಣಮನಸ್ಸಿನ ವಿಧೇಯತೆಯ ಅತ್ಯಂತ ಶ್ರೇಷ್ಠ ರೂಪ. ಆತನು ಮಗನಾಗಿದ್ದರೂ ತಾನು ಅನುಭವಿಸಿದ ಬಾಧೆಗಳಿಂದ ವಿಧೇಯತೆಯನ್ನು ಕಲಿತುಕೊಂಡನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆತನೇ ಕಲಿತದ್ದಾದರೆ, ಕಲಿಯುತ್ತಿರುವ ನಮ್ಮನ್ನು ಆತನು ತಿರಸ್ಕರಿಸುವುದಿಲ್ಲ. ಅದೇ ಪತ್ರಿಕೆಯ 10ನೆಯ ಅಧ್ಯಾಯವು, ದೇವರೇ, ನಿನ್ನ ಚಿತ್ತವನ್ನು ನೆರವೇರಿಸುವುದಕ್ಕೆ ಇಗೋ ಬಂದಿದ್ದೇನೆ ಎಂಬ ಮಾತನ್ನು ಕ್ರಿಸ್ತನ ಬಾಯಲ್ಲಿ ಇಟ್ಟು, ಆ ಚಿತ್ತದಿಂದಲೇ ನಾವು ಶುದ್ಧರಾದೆವು ಎನ್ನುತ್ತದೆ. ಅಂದರೆ ನಮ್ಮನ್ನು ದೇವರ ಮುಂದೆ ನಿಲ್ಲಿಸುವ ಪೂರ್ಣ ವಿಧೇಯತೆ ಈಗಾಗಲೇ ಸಲ್ಲಿಸಲ್ಪಟ್ಟಿದೆ, ಅದು ಆತನದು. ನಾವು ಮಾಡುವ ಸಮರ್ಪಣೆಯು ಅದಕ್ಕೆ ಏನನ್ನೂ ಕೂಡಿಸುವುದಿಲ್ಲ. ಆತನನ್ನು ಹಿಂಬಾಲಿಸುತ್ತಾ ಆತನ ಆತ್ಮನ ಸಹಾಯದಿಂದ ನಾವೂ ಅದೇ ಮಾತನ್ನು, ತೊದಲುತ್ತಲಾದರೂ, ಹೇಳಲು ಕಲಿಯುತ್ತೇವೆ.

ಅಮಚ್ಯನಿಗೆ ಇಂಥ ಮಾದರಿಯನ್ನು ಕಾಣುವ ಭಾಗ್ಯ ಇರಲಿಲ್ಲ ಎಂಬುದನ್ನು ನೆನೆದಾಗ ಅವನ ಮೇಲೆ ನನಗೆ ಕನಿಕರವೂ ಬರುತ್ತದೆ. ಆದರೆ ಅದಕ್ಕಿಂತ ಹೆಚ್ಚಿನದನ್ನು ಕೊಡಲು ಕರ್ತನು ಶಕ್ತನು ಎಂಬ ಮಾತನ್ನು ಅವನು ಒಮ್ಮೆ ಕೇಳಿದ್ದನು, ನಂಬಿದ್ದನು, ಅದು ನಿಜವಾದದ್ದನ್ನೂ ಕಂಡಿದ್ದನು. ಬೆಳ್ಳಿಯ ವಿಷಯದಲ್ಲಿ ನಂಬಿದ ಆ ಮಾತನ್ನು ಅವನು ತನ್ನ ಆರಾಧನೆಯ ವಿಷಯದಲ್ಲಿಯೂ ನಂಬಿದ್ದರೆ, ಸೋತವರ ದೇವತೆಗಳನ್ನು ಮನೆಗೆ ತರುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ.